ವ್ಯಾಪಾರ ಬಿದ್ದರೆ ಜಾಸ್ತಿ ಪೆಟ್ಟು ದೊಡ್ಡವರಿಗೇ ಅಲ್ವಾ?

ಪ್ರಶ್ನೆ: ಮಾರುಕಟ್ಟೆ ಕುಸಿದರೆ ಕೋಟಿ ಹಾಕಿದವರಿಗೆ ಕೋಟಿ ಹೋಗುತ್ತೆ, ಕೂಲಿಯವನಿಗೆ ಹೋಗೋದು ದಿನದ ಕೂಲಿ. ಹಾಗಾದ್ರೆ ದೊಡ್ಡ ಮಾಲೀಕರಿಗೇ ಜಾಸ್ತಿ ನಷ್ಟ ಅಲ್ವಾ?

ರೂಪಾಯಿ ಲೆಕ್ಕದಲ್ಲಿ ಹೌದು. ಆದರೆ ಆದಾಯ ನಿಂತ ಮೇಲೆ ಯಾರು ಎಷ್ಟು ದಿನ ಕಾಯಬಲ್ಲರು ಅಂತ ನೋಡಿ.

2010ರ ಜುಲೈ ನೆನಪಿದೆಯಾ? ರಾಜ್ಯ ಸರ್ಕಾರ ಕಬ್ಬಿಣದ ಅದಿರು ರಫ್ತು ನಿಲ್ಲಿಸಿತು. ಅಲ್ಲಿವರೆಗೆ ನಮ್ಮ ಉತ್ತರ ಕನ್ನಡದ ಅರಬೈಲ್ ಘಾಟಿ ಇಳಿದು ಬೇಲೇಕೇರಿ, ಕಾರವಾರ ಬಂದರಿಗೆ ಸಾಲುಸಾಲು ಲಾರಿ (ರಸ್ತೆ ಹಾಳಾಯ್ತು, ಧೂಳು ಅಂತ ಬೈದವರೂ ನಾವೇ ಬಿಡಿ). ಅದು ದೇಶದ ಹಿಂಜರಿತ ಅಲ್ಲ, ಒಂದು ಆದೇಶ. ಆದರೂ ಕೆಲಸ ನಿಂತರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮನೆ ಬಾಗಿಲ ಉದಾಹರಣೆ. ಸಾಲ ತೀರಿದ ಹತ್ತು ಲಾರಿ ಇದ್ದವನು ನಾಲ್ಕು ನಿಲ್ಲಿಸಿ, ಉಳಿದದ್ದನ್ನು ಬೇರೆ ಲೋಡಿಗೆ ಹಚ್ಚಬಹುದು. ಇರೋದೇ ಒಂದು ಲಾರಿ, ಅದೂ ಫೈನಾನ್ಸಿನದು ಅಂದ್ರೆ ನಾಲ್ಕು ಕಂತು ತಪ್ಪುವಷ್ಟರಲ್ಲಿ ಗಾಡಿ ಮಾರಬೇಕು, ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ರೇಟೂ ಸಿಗಲ್ಲ. ಆಗ ಅಗ್ಗಕ್ಕೆ ಕೊಳ್ಳೋದು ಯಾರು? ಕೈಯಲ್ಲಿ ದುಡ್ಡು ಇದ್ದವನು. ಡ್ರೈವರ್, ಕ್ಲೀನರ್, ದಾರಿಬದಿಯ ಪಂಕ್ಚರ್ ಅಂಗಡಿಯವನಿಗೆ ಮಾರಲೂ ಏನಿಲ್ಲ.

ಶಿರಸಿ ಕಡೆ ಅಡಿಕೆಯಲ್ಲೂ ಇದೇ. ದರ ಬಿದ್ದಾಗ ದೊಡ್ಡ ತೋಟದವರು ಚಾಲಿಯನ್ನು (ಒಣಗಿಸಿ ಸುಲಿದ ಅಡಿಕೆ) ಮೂಟೆ ಕಟ್ಟಿ ಇಡುತ್ತಾರೆ. ಮಗಳ ಫೀಸು ಕಟ್ಟಬೇಕಾದ ಅರ್ಧ ಎಕರೆಯವರು ಬಿದ್ದ ದರಕ್ಕೇ ಕೊಡುತ್ತಾರೆ.

ಕಿರಾಣಿ ಅಂಗಡಿಯವರದ್ದು ಇನ್ನೂ ಕಷ್ಟ. ಗಿರಾಕಿ ಉದ್ರಿ ಕೇಳ್ತಾನೆ, ಹೋಲ್‌ಸೇಲಿನವನು ಅದೇ ಹೊತ್ತಿಗೆ ನಗದು ಕೇಳ್ತಾನೆ. ಇಬ್ಬರ ನಡುವಿನ ಸಾಲ ಇವರ ತಲೆ ಮೇಲೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಬಿಟ್ಟಿತ್ತು. ಬಡ್ಡಿ ಓಡ್ತಾನೇ ಇತ್ತು. ಕೈಸಾಲ ಮಾಡಿದವರಿಗೆ ಅದೂ ಇಲ್ಲ.

ಹಾಗಂತ ದೊಡ್ಡವರು ಮುಳುಗಲ್ಲ ಅಂತಲ್ಲ. ಬರೀ ಸಾಲದ ಮೇಲೆ ಬೆಳೆದವರು ಒಮ್ಮೆಲೇ ಬೀಳುತ್ತಾರೆ, ಜೊತೆಗೆ ನೂರಾರು ಜನರ ಕೆಲಸವೂ ಹೋಗುತ್ತೆ. ಆದರೆ ಒಂದು ವ್ಯತ್ಯಾಸ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮುಳುಗಿದರೆ ಮಾಲೀಕರ ಷೇರಿನ ಹಣ ಹೋಗುತ್ತೆ. ತಾವೇ ಸ್ವಂತ ಜಾಮೀನು ಹಾಕಿರದಿದ್ದರೆ ಮನೆ ಉಳಿಯುತ್ತೆ. ಸ್ವಂತ ಹೆಸರಲ್ಲಿ ಅಂಗಡಿ ನಡೆಸುವವರಿಗೆ ಈ ಗೋಡೆ ಇಲ್ಲ. ಅಂಗಡಿಯ ಸಾಲ ತೀರದಿದ್ದರೆ ಮನೆಗೂ ನೋಟೀಸು ಬರಬಹುದು.