ಆ 313ರ ಹಿಂದೆ ನಿಂತ ಸಿಲಿಂಡರ್‌ಗಳು

1958ರ ಮಾರ್ಚ್ ಕೊನೆಯಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಒಂದು ಯಂತ್ರ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 313 ಪಿಪಿಎಂ ಇದೆಯೆಂದು ದಾಖಲಿಸಿತು. ಪಿಪಿಎಂ ಎಂದರೆ ಹತ್ತು ಲಕ್ಷಕ್ಕೆ ಇಷ್ಟು ಎಂಬ ಲೆಕ್ಕ. ಇಂದು ಆ ಅಂಕಿ 420ನ್ನು ದಾಟಿದೆ. ನಕ್ಷೆಯಲ್ಲಿ ಏರುತ್ತಲೇ ಇರುವ ಆ ಗೆರೆಯನ್ನು ಕಂಡವರು ಬಹಳ ಮಂದಿ. 313 ಎಂದರೆ ಎಷ್ಟೆಂದು ಯಂತ್ರಕ್ಕೆ ಹೇಳಿಕೊಟ್ಟವರಾರು ಎಂದು ಕೇಳಿದವರು ಕಡಿಮೆ.

ಅತಿಗೆಂಪು ಕಿರಣ ಗಾಳಿಯೊಳಗೆ ಹಾಯುವಾಗ ಎಷ್ಟು ಹೀರಿಹೋಯಿತು ಎಂಬುದಷ್ಟೇ ಆ ಯಂತ್ರಕ್ಕೆ ಗೊತ್ತಾಗುತ್ತದೆ. ತಕ್ಕಡಿಗೆ ಬಟ್ಟು ಇರುವಂತೆ ಇದಕ್ಕೂ ಒಂದು ಆಧಾರ ಬೇಕು: ಅನಿಲದ ಪ್ರಮಾಣ ಖಚಿತವಾಗಿ ಗೊತ್ತಿರುವ ಸಿಲಿಂಡರ್. ಅದರ ಗಾಳಿಯನ್ನು ಆಗಾಗ ಯಂತ್ರದೊಳಗೆ ಹರಿಸಿ ಓದನ್ನು ಸರಿಪಡಿಸುವುದಕ್ಕೆ ಮಾಪನಾಂಕ ನಿರ್ಣಯ ಎನ್ನುತ್ತಾರೆ.

ಹಾಗಾದರೆ ಬಟ್ಟನ್ನು ತೂಗುವುದು ಹೇಗೆ? ಮೌನಾ ಲೋವಾದ ಅಳತೆಯನ್ನು ಆರಂಭಿಸಿದ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಐವತ್ತರ ದಶಕದಲ್ಲಿ ಇದಕ್ಕಾಗಿ ಅನಿಲದ ಒತ್ತಡ ಅಳೆಯುವ ಪಾದರಸದ ಮಾನೋಮೀಟರ್ ಒಂದನ್ನು ಕಟ್ಟಿಕೊಂಡರು. ಗೊತ್ತಿರುವ ಗಾತ್ರದ ಗಾಜಿನ ಪಾತ್ರೆಗೆ ಗಾಳಿ ತುಂಬಿ ಅದರ ಒತ್ತಡ ಅಳೆಯಬೇಕು. ದ್ರವ ಸಾರಜನಕದ ಚಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿ ಉಳಿದ ಗಾಳಿಯನ್ನು ಹೊರಗೆಳೆಯಬೇಕು. ಹೆಪ್ಪುಗಟ್ಟಿದ್ದನ್ನು ಮತ್ತೆ ಬೆಚ್ಚಗಾಗಿಸಿ ಚಿಕ್ಕ ಪಾತ್ರೆಯಲ್ಲಿ ಅದೊಂದರದೇ ಒತ್ತಡ ನೋಡಬೇಕು. ನೈಟ್ರಸ್ ಆಕ್ಸೈಡ್ ಕೂಡ ಜೊತೆಯಲ್ಲೇ ಹೆಪ್ಪುಗಟ್ಟುವುದರಿಂದ ಅದರ ಪಾಲನ್ನು ಕಳೆಯಬೇಕು. ಒಂದೇ ಮಾದರಿಗೆ ಇಷ್ಟೆಲ್ಲ ತಾಳ್ಮೆ.

ಅಷ್ಟು ಎಚ್ಚರವಿದ್ದೂ ಒಂದು ತಪ್ಪು ನುಸುಳಿತು. ಆರಂಭದ ಆಧಾರ ಸಿಲಿಂಡರ್‌ಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಬರಿಯ ಸಾರಜನಕದಲ್ಲಿ ಬೆರೆಸಲಾಗಿತ್ತು. ನಿಜವಾದ ಗಾಳಿಯಲ್ಲಿ ಆಮ್ಲಜನಕವೂ ಆರ್ಗಾನ್ ಕೂಡ ಇವೆ. ಸುತ್ತಲಿನ ಅನಿಲ ಬದಲಾದರೆ ಅತಿಗೆಂಪು ಕಿರಣ ಹೀರುವ ಬಗೆಯೂ ತುಸು ಬದಲಾಗುತ್ತದೆ. ವ್ಯತ್ಯಾಸ ಕೆಲವು ಪಿಪಿಎಂ ಎಂಬುದು ಎಪ್ಪತ್ತರ ದಶಕದ ಹೊತ್ತಿಗೆ ಸ್ಪಷ್ಟವಾಯಿತು. ಅರವತ್ತರ ದಶಕದಲ್ಲಿ ವರ್ಷದ ಏರಿಕೆ ಒಂದು ಪಿಪಿಎಂಗಿಂತ ಕಡಿಮೆಯಿತ್ತು ಎಂಬುದನ್ನು ನೆನೆದರೆ ಇದು ಹಲವು ವರ್ಷಗಳ ಏರಿಕೆಗೆ ಸಮನಾದ ತಪ್ಪು! ಆದರೂ ಹಳೆಯ ದಾಖಲೆ ವ್ಯರ್ಥವಾಗಲಿಲ್ಲ. ಯಾವ ಓದನ್ನು ಯಾವ ಸಿಲಿಂಡರ್‌ಗೆ ಹೋಲಿಸಿದ್ದರು ಎಂಬ ಲೆಕ್ಕ ಉಳಿದಿತ್ತು, ಹಾಗಾಗಿ ಹಿಂದಿನದನ್ನೆಲ್ಲ ತಿದ್ದಲು ಸಾಧ್ಯವಾಯಿತು. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. 1964ರಲ್ಲಿ ಹಣ ಕಡಿತವಾಗಿ ಮೌನಾ ಲೋವಾದ ಅಳತೆ ಕೆಲವು ತಿಂಗಳು ನಿಂತಿತ್ತು. ಆ ಖಾಲಿ ಜಾಗವನ್ನು ಮಾತ್ರ ಯಾವ ತಿದ್ದುಪಡಿಯೂ ತುಂಬಲಾರದು.

ಜಗತ್ತಿಗೆಲ್ಲ ಒಂದೇ ಅಳತೆಗೋಲು ಇರಲೆಂದು ವಿಶ್ವ ಹವಾಮಾನ ಸಂಸ್ಥೆ ಈ ಹೊಣೆಯನ್ನು ಮೊದಲು ಕೀಲಿಂಗ್ ಅವರ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಗೆ ವಹಿಸಿತು. 1995ರಿಂದ ಅದು ಅಮೆರಿಕದ ಸರ್ಕಾರಿ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾಗೆ ಸೇರಿದ, ಕೊಲರಾಡೊದಲ್ಲಿರುವ ಪ್ರಯೋಗಾಲಯದ ಪಾಲಾಗಿದೆ. ಉತ್ತರ ಗೋಳಾರ್ಧದ ಪ್ರಯೋಗಾಲಯಗಳ ನಡುವಿನ ವ್ಯತ್ಯಾಸ 0.1 ಪಿಪಿಎಂ ಮೀರಬಾರದು ಎಂಬುದು ಗುರಿ. ಮಾನೋಮೀಟರಿನ ರಬ್ಬರ್ ಉಂಗುರಗಳು ತುಸು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿದ್ದದ್ದೂ ಇತ್ತೀಚೆಗೆ ಲೆಕ್ಕಕ್ಕೆ ಸಿಕ್ಕಿತು. ಅದನ್ನೂ ಸೇರಿಸಿ ಪರಿಷ್ಕರಿಸಿದ 'ಎಕ್ಸ್2019' ಅಳತೆಗೋಲಿನಲ್ಲಿ 400 ಪಿಪಿಎಂ ಸುಮಾರಿನ ಓದುಗಳು 0.18 ಪಿಪಿಎಂನಷ್ಟು ಮೇಲೇರಿದವು.

ಈ ಸರಪಳಿಯ ಒಂದು ಕೊಂಡಿ ನಮ್ಮ ಬೆಂಗಳೂರಿಗೂ ತಗುಲಿದೆ. ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿ, ಹಾಗೆಯೇ ಪುದುಚೇರಿ ಮತ್ತು ಪೋರ್ಟ್ ಬ್ಲೇರ್‌ನಲ್ಲಿ, ಗಾಜಿನ ಶೀಷೆಗಳಿಗೆ ತುಂಬಿದ ಗಾಳಿಯನ್ನು ಫ್ರಾನ್ಸಿನ ಪ್ರಯೋಗಾಲಯಕ್ಕೆ ಕಳುಹಿಸಿ ಅದೇ ಜಾಗತಿಕ ಅಳತೆಗೋಲಿನ ಸಿಲಿಂಡರ್‌ಗಳಿಗೆ ಹೋಲಿಸಲಾಯಿತು. ಬೆಂಗಳೂರಿನ ಸಿಎಸ್‌ಐಆರ್ ಫೋರ್ತ್ ಪ್ಯಾರಡೈಮ್ ಸಂಸ್ಥೆಯ ವಿಜ್ಞಾನಿಗಳೂ ಈ ಕೆಲಸದಲ್ಲಿದ್ದರು. ಹಾಗಾಗಿ ಹಾನ್ಲೆಯ ಅಂಕಿಯನ್ನು ಮೌನಾ ಲೋವಾದ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು.

ಹೊಗೆಯಲ್ಲಿನ ಅನಿಲ ಅಳೆಯಲು ಕಾರ್ಖಾನೆಯ ಚಿಮಣಿಗೆ ಕೂರಿಸಿದ ಯಂತ್ರಕ್ಕೂ ಇಂಥದೇ ಆಧಾರ ಅನಿಲ ಬೇಕು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ 'ಭಾರತೀಯ ನಿರ್ದೇಶಕ ದ್ರವ್ಯ' ಎಂಬ ಹೆಸರಿನಲ್ಲಿ ಪ್ರಮಾಣಿತ ವಸ್ತುಗಳನ್ನು ರೂಪಿಸುತ್ತಿದೆ, ಅನಿಲಗಳೂ ಅವುಗಳಲ್ಲಿವೆ. ಚಿಮಣಿಯ ಅಂಕಿ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಅದನ್ನು ಸರಿಪಡಿಸಿದ ಸಿಲಿಂಡರಿನ ಪ್ರಮಾಣಪತ್ರ ಯಾರದು, ಅದರ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದೂ ಪಕ್ಕದಲ್ಲೇ ಕಾಣಬೇಕು.