ಹೆಂಟೆ ನೀರಲ್ಲಿ ಉದುರಿದರೆ

‘ಇಳುವರಿ ಇಳೀತಿದೆ, ಇನ್ನೇನು ಗೊಬ್ಬರ ಹಾಕಲಿ?’ ರೈತರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ. ಗೊಬ್ಬರದ ಮಾತು ಆಮೇಲೆ. ಮೊದಲು ಹೊಲದಿಂದ ಬೆರಳ ತುದಿಯಷ್ಟು ಹೆಂಟೆ ತಂದು ಪೂರ್ತಿ ಒಣಗಿಸಿ. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ ಮೆಲ್ಲಗೆ ಒಳಗೆ ಬಿಡಿ. ಬದುವಿನಲ್ಲಿ ಉಳುಮೆಯನ್ನೇ ಕಾಣದ ಹುಲ್ಲಿನ ನೆಲ ಇರುತ್ತದಲ್ವಾ, ಅಲ್ಲಿನ ಹೆಂಟೆಯನ್ನು ಇನ್ನೊಂದು ಲೋಟಕ್ಕೆ ಹಾಕಿ.

ಬದುವಿನ ಹೆಂಟೆ ಬಹಳ ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ಬಳಲಿದ ಹೊಲದ್ದು ಕೆಲವೇ ನಿಮಿಷಗಳಲ್ಲಿ ಉದುರಿ ತಳ ಸೇರುತ್ತದೆ. ಎರಡರಲ್ಲೂ ಇರುವುದು ಅದೇ ಮರಳು, ಅದೇ ಜೇಡಿ. ಬಳಲಿದ ಹೊಲದ ಹೆಂಟೆಯಲ್ಲಿ ಇಲ್ಲದಿರುವುದು ಅಂಟು. ಬೇರು ಒಸರುವ ಸಕ್ಕರೆ ತಿಂದು ಬದುಕುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳೇ ಈ ಅಂಟು ತಯಾರಿಸುವುದು. ಪದೇ ಪದೇ ಉತ್ತು, ನೆಲವನ್ನು ಬರಿದಾಗಿ ಬಿಟ್ಟರೆ ಅವು ಉಪವಾಸ ಬೀಳುತ್ತವೆ. ಕೂಳೆಗೆ ಬೆಂಕಿ ಇಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವುಗಳ ಊಟವೇ ಸುಟ್ಟುಹೋಗುತ್ತದೆ.

ಅಂಟಿಲ್ಲದ ಮಣ್ಣನ್ನು ಮಳೆಹನಿ ಒಡೆದುಹಾಕುತ್ತದೆ. ನುಣ್ಣನೆ ಪುಡಿ ರಂಧ್ರಗಳನ್ನು ಮುಚ್ಚುತ್ತದೆ. ನೀರು ಇಂಗದೆ ಹರಿದು, ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು.

ಲೋಟದ ನೀರನ್ನೂ ನೋಡಿ. ಮರುದಿನವೂ ಅದು ಹಾಲಿನ ಹಾಗೆ ಕದಡಿದ್ದರೆ ಸಮಸ್ಯೆ ಬೇರೆ. ಸೋಡಿಯಂ ಜೇಡಿಯ ಕಣಗಳನ್ನು ಚದುರಿಸುತ್ತಿರಬಹುದು. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 8.5 ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇಂಥ ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಟ್ಟುಬಂದ ಸೋಡಿಯಂ ನೀರಿನೊಂದಿಗೆ ಇಳಿದು ಹೋಗುತ್ತದೆ. ಬರೀ ಉಪ್ಪೇರಿದ ಚೌಳು ನೆಲಕ್ಕೆ ಮಾತ್ರ ಜಿಪ್ಸಂ ಸುರಿದು ಉಪಯೋಗವಿಲ್ಲ. ಅಲ್ಲಿ ಬೇಕಾದದ್ದು ಒಳ್ಳೆಯ ನೀರು ಮತ್ತು ಬಸಿಗಾಲುವೆ. ಬಸಿಗಾಲುವೆ ಎರಡಕ್ಕೂ ಬೇಕು, ಇಲ್ಲದಿದ್ದರೆ ತೊಳೆದ ಉಪ್ಪು ಮತ್ತೆ ಮೇಲೇರುತ್ತದೆ. ಪರೀಕ್ಷೆ ಮಾಡಿಸದೆ ಸುಮ್ನೆ ಚೀಲ ಖರೀದಿಸಬೇಡಿ.

ಉಪ್ಪಿನ ತೊಂದರೆ ಇಲ್ಲದ ಹೊಲಕ್ಕೆ ಬೇಕಾದದ್ದು ಹೊದಿಕೆ, ಆದಷ್ಟು ದಿನ ಜೀವಂತ ಬೇರು, ಕಡಿಮೆ ಉಳುಮೆ. ಆದರೆ ಒಣಹುಲ್ಲನ್ನು ಮಣ್ಣಿಗೆ ಕಲಸಿ ಕೂಡಲೇ ಬಿತ್ತಬೇಡಿ. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲ ಇರುತ್ತದೆ. ಸೂಕ್ಷ್ಮಜೀವಿಗಳಿಗೆ ಹೊಂದುವುದು ಹೆಚ್ಚು ಕಡಿಮೆ 24 ಪಾಲು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಎಳೆಯ ಪೈರು ಹಳದಿಯಾಗುತ್ತದೆ. ಹುಲ್ಲನ್ನು ಮೇಲೆ ಹಾಸಿಬಿಡಿ. ಮಣ್ಣಿಗೆ ಸೇರಿಸಲು ಹಸಿರೆಲೆ ಗೊಬ್ಬರದ ದ್ವಿದಳ ಬೆಳೆಯೇ ಒಳ್ಳೆಯದು, ಹೂ ಬಿಡುವ ಹೊತ್ತಿಗೆ ಕತ್ತರಿಸಿ. ಕಾಂಡ ಬಲಿತರೆ ಅದೂ ಹುಲ್ಲಿನಂತೆಯೇ ನಿಧಾನವಾಗಿ ಕೊಳೆಯುತ್ತದೆ.

ಒಂದು ಕಡೆ ಮಾತ್ರ ನಾನೇ ಆಳದ ಉಳುಮೆ ಹೇಳುತ್ತೇನೆ. ನೇಗಿಲು ಇಳಿಯುವ ಆಳದ ಕೆಳಗೆ ಮಣ್ಣು ಗಟ್ಟಿ ಪದರ ಕಟ್ಟಿ, ಬೇರುಗಳು ಅಲ್ಲಿಂದ ಅಡ್ಡ ತಿರುಗಿದ್ದರೆ, ಮಣ್ಣು ಒಣಗಿದ್ದಾಗ ಒಮ್ಮೆ ಆ ಪದರ ಸೀಳಿಸಿ. ಬೆನ್ನಿಗೇ ಆಳಕ್ಕೆ ಬೇರಿಳಿಸುವ ಬೆಳೆ ಹಾಕಿ. ಆಮೇಲೆ ಹಸಿ ನೆಲಕ್ಕೆ ಟ್ರ್ಯಾಕ್ಟರ್ ಇಳಿಸಬೇಡಿ, ಸೀಳಿದ್ದೆಲ್ಲ ಮತ್ತೆ ಬಿಗಿದುಕೊಳ್ಳುತ್ತದೆ.