ಅಟೆಂಡರ್‌ಗೂ ಪಾಠ ಬೇಕು: ಆಸ್ಪತ್ರೆ, ಮನೆಯವರು ಮತ್ತು ದಾನದ ದುಡ್ಡು

‘ಚಿಕಿತ್ಸೆಯಲ್ಲಿ ರೋಗಿ ಮತ್ತು ಕುಟುಂಬದ ಸಹಭಾಗಿತ್ವ’ ಎಂಬ ತಲೆಬರಹ ಓದಿದಾಗಲೇ ನನಗೆ ಆಕಳಿಕೆ ಬಂದಿತ್ತು. ವಾರ್ಡಿನ ಭಾಷೆಯಲ್ಲಿ ಹೇಳಿದರೆ ವಿಷಯ ಸುಲಭ. ರೋಗಿಯ ಜೊತೆಗಿರುವ ಅಟೆಂಡರ್ ಬರೀ ಔಷಧಿ ಚೀಟಿ ಹಿಡಿದು ಓಡುವವರಾ, ಅಥವಾ ಅವರ ಮಾತಿಗೂ ಅಲ್ಲಿ ಬೆಲೆ ಇದೆಯಾ?

ಮೊದಲು ಜೋಸಿ ಕಿಂಗ್ ವಿಷಯ ಗೊತ್ತಿರಲಿ. 2001, ಅಮೆರಿಕದ ಬಾಲ್ಟಿಮೋರ್. ಜೋಸಿ ಎಂಬ ಒಂದೂವರೆ ವರ್ಷದ ಮಗು ಬಿಸಿನೀರಿಗೆ ಮೈ ಸುಟ್ಟುಕೊಂಡು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿತ್ತು. ಗಾಯ ಮಾಯುತ್ತಾ ಬಂದಿತ್ತು. ಆದರೆ ಯಾರಾದರೂ ಏನಾದರೂ ಕುಡಿಯುವುದು ಕಂಡರೆ ಅಳುತ್ತಿತ್ತು, ಒದ್ದೆ ಬಟ್ಟೆ ಚೀಪುತ್ತಿತ್ತು. ತಾಯಿ ಸೋರೆಲ್ ಕಿಂಗ್ ‘ಏನೋ ಸರಿಯಿಲ್ಲ’ ಎಂದು ಹೇಳುತ್ತಲೇ ಇದ್ದರು. ಮೈಯಲ್ಲಿ ನೀರಿನಂಶ ಇಳಿದುಹೋಗುತ್ತಿದ್ದುದು ಆಕೆಯ ಕಣ್ಣಿಗೆ ಬಿದ್ದಿತ್ತು, ವೈದ್ಯರ ಗಮನಕ್ಕೆ ಬಂದಿರಲಿಲ್ಲ. ಅದರ ಮೇಲೆ ಮೆಥಡೋನ್ ಎಂಬ ನೋವಿನ ಔಷಧಿಯನ್ನೂ ಕೊಟ್ಟರು. ಮಗು ಉಳಿಯಲಿಲ್ಲ.

ಪರಿಹಾರವಾಗಿ ಬಂದ ಹಣದಲ್ಲಿ ಒಂದು ಪಾಲನ್ನು ಅಪ್ಪ ಅಮ್ಮ ಅದೇ ಆಸ್ಪತ್ರೆಗೆ ಕೊಟ್ಟರು, ರೋಗಿಗಳ ಸುರಕ್ಷತೆಯ ಕೆಲಸ ಶುರುಮಾಡಲಿ ಎಂದು. ನನ್ನಿಂದಂತೂ ಆಗುತ್ತಿರಲಿಲ್ಲ. ಈ ಘಟನೆಯ ಪ್ರೇರಣೆಯಿಂದಲೇ 2005ರಲ್ಲಿ ಪಿಟ್ಸ್‌ಬರ್ಗ್‌ನ ಶೇಡಿಸೈಡ್ ಆಸ್ಪತ್ರೆಯಲ್ಲಿ ‘ಕಂಡಿಷನ್ ಎಚ್’ ಬಂತು. ಎಚ್ ಅಂದರೆ ಹೆಲ್ಪ್. ನಮ್ಮ ಮಾತು ಯಾರೂ ಕೇಳುತ್ತಿಲ್ಲ ಅನ್ನಿಸಿದರೆ ಮನೆಯವರೇ ಫೋನ್ ಮಾಡಿ ತುರ್ತು ತಂಡವನ್ನು ಹಾಸಿಗೆಯ ಹತ್ತಿರ ಕರೆಸಬಹುದು. ಸುಮ್‌ಸುಮ್ನೆ ಕರೆದಾರು ಎಂಬ ಭಯ ಇತ್ತು, ಕರೆಗಳ ಮಳೆಯೇನೂ ಸುರಿಯಲಿಲ್ಲ.

ಇದಕ್ಕೆಲ್ಲ ದಾನದ ದುಡ್ಡು ಯಾಕೆ? ಸ್ಕ್ಯಾನ್‌ಗೆ ಬಿಲ್ ಇದೆ, ಆಪರೇಷನ್‌ಗೆ ಇದೆ, ಹಾಸಿಗೆಗೆ ಇದೆ. ಮನೆಯವರ ಜೊತೆ ಕೂತು ಮಾತಾಡಿದ್ದಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. ನಮ್ಮಜ್ಜಿಯ ಡಿಸ್ಚಾರ್ಜ್ ದಿನ ಮಾತ್ರೆಗಳ ವಿವರ ಎರಡೇ ನಿಮಿಷದಲ್ಲಿ ಮುಗಿದಿತ್ತು, ಬಿಲ್ಲಿಂಗ್ ಕೌಂಟರ್‌ನಲ್ಲಿ ಮಾತ್ರ ಎರಡು ಗಂಟೆ.

ಈ ಖಾಲಿ ಜಾಗಕ್ಕೆ ಬೇಗನೆ ದುಡ್ಡು ಹಾಕಿದವರಲ್ಲಿ ಹಾರ್ವಿ ಪಿಕರ್ ಒಬ್ಬರು. ಅವರ ಮನೆತನದ್ದು ಎಕ್ಸ್‌ರೇ ಯಂತ್ರಗಳ ಕಂಪನಿಯಾಗಿತ್ತು. 1980ರ ದಶಕದಲ್ಲಿ ಕಾಮನ್‌ವೆಲ್ತ್ ಫಂಡ್ ಎಂಬ ಅಮೆರಿಕದ ದತ್ತಿ ಸಂಸ್ಥೆಯ ಜೊತೆ ಸೇರಿ ರೋಗಿಗಳನ್ನೇ ಮಾತಾಡಿಸುವ ಕೆಲಸಕ್ಕೆ ಹಣ ಕೊಟ್ಟರು. ಕೇಳುವ ರೀತಿ ಗಮನಿಸಿ. ‘ತೃಪ್ತಿ ಆಯಿತಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಈ ಮಾತ್ರೆ ಯಾತಕ್ಕೆ ಎಂದು ಯಾರಾದರೂ ಹೇಳಿದರಾ?’ ಅಂದರೆ ನಿಜ ಹೊರಬರುತ್ತದೆ. ಮುಂದೆ ಇಂಟೆಲ್ ಖ್ಯಾತಿಯ ಗಾರ್ಡನ್ ಮೂರ್ ದಂಪತಿಯ ಪ್ರತಿಷ್ಠಾನ 2012ರಲ್ಲಿ, ಇಂಥದ್ದೇ ಕೆಲಸಕ್ಕೆ ಹತ್ತು ವರ್ಷಕ್ಕೆಂದು 50 ಕೋಟಿ ಡಾಲರ್ ತೆಗೆದಿಟ್ಟಿತು.

ನಮ್ಮೂರಿನ ಉದಾಹರಣೆ ನೂರಾ ಹೆಲ್ತ್ ಎಂಬ ಸಂಸ್ಥೆ. 2012ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದಿದ್ದರು. ಕಾರಿಡಾರಿನಲ್ಲಿ ದಿನಗಟ್ಟಲೆ ಕಾಯುವ ಮನೆಯವರೇ ಅವರ ಕಣ್ಣಿಗೆ ಬಿದ್ದರು. ಮನೆಗೆ ಹೋದ ಮೇಲೆ ನೋಡಿಕೊಳ್ಳುವವರು ಇವರೇ ಅಲ್ವಾ? ಹಾಗಾಗಿ ಕೈ ತೊಳೆಯುವ ಕ್ರಮ, ಗಾಯದ ಆರೈಕೆ, ಯಾವ ಲಕ್ಷಣ ಕಂಡರೆ ವಾಪಸ್ ಓಡಿಬರಬೇಕು, ಇಂಥವನ್ನು ಮನೆಯವರಿಗೆ ಕಲಿಸುವುದು ಶುರುವಾಯಿತು. ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಾಣಂತಿಯರ ಕುಟುಂಬಗಳಿಗೂ ಇದು ತಲುಪಿತು.

ನನಗೆ ಜಾಸ್ತಿ ಹಿಡಿಸಿದ್ದು ಇದರ ಲೆಕ್ಕಾಚಾರ. ಕಲಿಸುವವರು ಹೊರಗಿನವರಲ್ಲ, ಅದೇ ಆಸ್ಪತ್ರೆಯ ನರ್ಸ್‌ಗಳು. ದಾನದ ಹಣ ಪಾಠ ತಯಾರಿಸಲು, ನರ್ಸ್‌ಗಳಿಗೆ ತರಬೇತಿ ಕೊಡಲು ಹೋಗುತ್ತದೆ. ಆದರೂ ನನ್ನದೊಂದು ತಕರಾರಿದೆ. ನರ್ಸ್ ಸಂಬಳ ಆಸ್ಪತ್ರೆಯದೇ. ವಾರ್ಡ್ ತುಂಬ ರೋಗಿಗಳಿಗೆ ಇಬ್ಬರೇ ನರ್ಸ್‌ಗಳಿದ್ದರೆ, ಎಷ್ಟು ಚೆನ್ನಾಗಿ ಪಾಠ ತಯಾರಿಸಿದ್ದರೂ ಅವರು ಕೂತು ಹೇಳಿಕೊಡುವುದು ಯಾವಾಗ?